ಗರಗಸಕ್ಕೂ ಬೈದ ಮಾವ

ನನ್ನ ಸೋದರಮಾವನಿಗೆ ಸಿಟ್ಟು ಬರದಿರುವುದು ನಿದ್ದೆಯಲ್ಲಿ ಮಾತ್ರ. ಅದೂ ಖಾತ್ರಿಯಿಲ್ಲ. ಅವರ ಗೊರಕೆಯ ಏರಿಳಿತ ಕೇಳಿದರೆ, ಕನಸಿನಲ್ಲೂ ಯಾರನ್ನೋ ಬಸ್ಸಿನಿಂದ ಕೆಳಗಿಳಿಸುತ್ತಿದ್ದಾರೆ ಅನ್ನಿಸುತ್ತದೆ. ಕುಮಟಾ–ಭಟ್ಕಳ ದಾರಿಯಲ್ಲಿ ಬಸ್ಸು ಓಡಿಸಿಯೇ ತಲೆ ಬೆಳ್ಳಗಾದವರು ಅವರು. ಎದುರು ಬಂದ ಲಾರಿ, ಅಡ್ಡ ಬಂದ ಎಮ್ಮೆ, ಹೆದ್ದಾರಿ ಅಗಲ ಮಾಡುತ್ತೇವೆಂದು ಗುಡ್ಡ ಕಡಿದು ಹಾಗೇ ಬಿಟ್ಟವರು, ಎಲ್ಲರ ಮೇಲೂ ಸಿಟ್ಟು. ನಿವೃತ್ತರಾದ ಮೇಲೆ ಲಾರಿ, ಎಮ್ಮೆಗಳೆಲ್ಲ ಕೈತಪ್ಪಿದವು. ಸಿಟ್ಟು ಮಾತ್ರ ಹಾಗೇ ಉಳಿಯಿತು. ಅದಕ್ಕೊಂದು ಗಿರಾಕಿ ಬೇಡವೇ? ಅದಕ್ಕೇ ಸ್ಕ್ರಾಲ್ ಸಾ ಅನ್ನುವ ಯಂತ್ರ ತರಿಸಿದ್ದಾರೆ ಅಂತ ನಾನು ಬಹಳ ದಿನ ನಂಬಿದ್ದೆ.

ಅದೊಂದು ಕರೆಂಟಿನ ಗರಗಸ. ದಾರದಷ್ಟು ಸಪೂರದ ಅಲಗು ಮೇಲಕ್ಕೂ ಕೆಳಕ್ಕೂ ಓಡುತ್ತದೆ. ಹಲಗೆಯನ್ನು ಅದರ ಮುಂದೆ ತಿರುಗಿಸುತ್ತ ಹೋದರೆ ಬಳ್ಳಿ, ಹೂವು, ನವಿಲು ಎಂತ ಬೇಕಾದರೂ ಕೊರೆಯಬಹುದು. ಆದರೆ ನೋಡುವುದಕ್ಕೆ ಥೇಟ್ ಹೊಲಿಗೆ ಮಿಷನ್ನು. ಕರ್ಕಿಯ ಅವರ ಮನೆ ಜಗಲಿಯಲ್ಲಿ ಪೆಟ್ಟಿಗೆ ಬಿಚ್ಚಿದ ದಿನವೇ ಪಕ್ಕದ ಮನೆಯಾಕೆ ರವಿಕೆ ಕಣ ಹಿಡಿದುಕೊಂಡು ಬಂದಳು.

"ಅಕ್ಕ ಹೊಲಿಯೂಕೆ ಶುರು ಮಾಡಿದ್ರಾ? ತೋಳು ಸ್ವಲ್ಪ ಉದ್ದ ಇಡೂಕೆ ಹೇಳಿ."

"ತೋಳು ಕೊಯ್ಯೂ ಮಿಷನ್ ಇದು. ಹೊಲಿಯೂದಲ್ಲ" ಅಂದರು ಮಾವ.

ಆಕೆ ಆ ಮೇಲೆ ಎಂಟು ದಿನ ಮಾವನ ಅಂಗಳ ತುಳಿಯಲಿಲ್ಲ.

ಜೊತೆಗೆ ಬಂದ ಪುಸ್ತಕ ಇಂಗ್ಲಿಷಿನಲ್ಲಿತ್ತು. ಹೊನ್ನಾವರದಲ್ಲಿ ಮಕ್ಕಳಿಗೆ ಪಾಠ ಹೇಳಿ ಗಂಟಲು ಹರಿದುಕೊಂಡ ನನಗೆ ಭಾನುವಾರಗಳಂದು ಅದನ್ನು ಓದಿ ಹೇಳುವ ಶಿಕ್ಷೆ. "ಓದು ತಂಗಿ" ಅನ್ನುವರು ಮಾವ; ಸೋದರಸೊಸೆಯಾದ ನನ್ನನ್ನು ಅವರು ಕರೆಯುವುದೇ ಹಾಗೆ. ನಾನು ಓದುವುದು, ಮಾವ ಪುಸ್ತಕಕ್ಕೆ ಬೈಯುವುದು. ಕೊನೆಗೆ ಪುಸ್ತಕ ಮುಚ್ಚಿಸಿ, ತಮಗೆ ತೋಚಿದಂತೆ ಅಲಗು ಸಿಕ್ಕಿಸಿ ಗುಂಡಿ ಒತ್ತಿದರು. ಹಲಗೆ ಚಂಗನೆ ಮೇಲೆ ಹಾರಿ ಅವರ ಗಲ್ಲಕ್ಕೇ ಬಡಿಯಿತು. ಆಗ ಕಂಪನಿಗೆ ಫೋನು ಹೋಯಿತು. ಆಚೆ ಕಡೆಯ ಹುಡುಗಿಗೆ ಪುಣ್ಯಕ್ಕೆ ಕನ್ನಡ ಬರುತ್ತಿತ್ತು.

"ಸರ್, ಹಲ್ಲು ಕೆಳಗಡೆ ಇದೆಯಾ?"

"ಕೆಳಗೆ ನಾಲ್ಕಿದೆ. ಮೇಲಿಂದೆಲ್ಲ ಹೋಗಿ ವರ್ಷ ಆತು. ನನ್ನ ಹಲ್ಲಿನ ಸುದ್ದಿ ನಿಂಗೆಂತಕ್ಕೆ?"

ಹುಡುಗಿ ಕೇಳಿದ್ದು ಅಲಗಿನ ಹಲ್ಲುಗಳ ವಿಷಯ. ಅವು ಕೆಳಮುಖವಾಗಿದ್ದರೆ ಹಲಗೆಯನ್ನು ಮೇಜಿಗೆ ಒತ್ತಿ ಹಿಡಿಯುತ್ತವೆ. ತಲೆಕೆಳಗಾದರೆ ಎತ್ತಿ ಒಗೆಯುತ್ತವೆ. ಇದನ್ನೇ ನಾನು ಆ ಬೆಳಗ್ಗೆ ಎರಡು ಸಲ ಓದಿ ಹೇಳಿದ್ದೆ. ಮಾವ ಫೋನಿಟ್ಟು ನನ್ನತ್ತ ತಿರುಗಿ, "ನೀ ಆಗ್ಲೇ ಸಮಾ ಹೇಳೂಕಾಗ್ತಿರಲಿಲ್ವಾ?" ಅಂದರು. ಇಂಥವರ ಎದುರು ಯಾರಿಗೆ ತಾನೇ ಸಿಟ್ಟು ಬರುವುದಿಲ್ಲ?

ಅಲಗು ಸರಿಯಾಯಿತು. ಆದರೆ ಯಂತ್ರ ನಡುಗುತ್ತಿತ್ತು. ಸಣ್ಣಗೆ, ಎಲ್ಲ ಯಂತ್ರಗಳೂ ನಡುಗುವಷ್ಟೇ. ಮಾವನಿಗೆ ಅದಾಗದು. ಅಂಚಿನವರೆಗೆ ಚಹಾ ತುಂಬಿದ ಲೋಟವನ್ನು ಮಿಷನ್ನಿನ ಮೇಜಿನ ಮೇಲಿಟ್ಟು ಸ್ವಿಚ್ ಹಾಕುವುದು, ಚೆಲ್ಲಿದರೆ ಬೈಯುವುದು. ಅತ್ತೆ ಆ ವಾರ ಚಹಾ ಮಾಡಿ ಮಾಡಿ ಸುಸ್ತಾದರು. ಯಾರೂ ಒಂದು ಗುಟುಕು ಕುಡಿದಂತಿಲ್ಲ.

ಸಂಜೆ ಸುಬ್ರಾಯಣ್ಣ ಬರುತ್ತಿದ್ದರು. ಮಾವ ಓಡಿಸಿದ ಬಸ್ಸಿನಲ್ಲೇ ಕಂಡಕ್ಟರ್ ಆಗಿದ್ದವರು, ಅದೇ ಊರಿನವರು. ಇಬ್ಬರೂ ಪರಸ್ಪರ ಒಳ್ಳೆಯ ಮಾತಾಡಿದ್ದನ್ನು ಕಂಡವರಿಲ್ಲ.

"ನೀ ಓಡ್ಸಿದ ಬಸ್ಸಿಗಿಂತ ಇದು ವಾಸಿ ಮಾರಾಯ. ಅದ್ರಲ್ಲಿ ನಾಲ್ಕು ಚಕ್ರನೂ ನಾಲ್ಕು ದಿಕ್ಕಿಗೆ ನಡುಗ್ತಿತ್ತು" ಅನ್ನುತ್ತಿದ್ದರು ಸುಬ್ರಾಯಣ್ಣ.

"ಬಸ್ಸು ನಡುಗಿದ್ದು ನಿನ್ನ ಸೀಟಿ ಸದ್ದಿಗೆ ಹೆದ್ರಿ."

ಗೋಡೆಗೆ ಬಿಗಿದರೆ ನಡುಕ ನಿಲ್ಲುತ್ತದೆ ಎಂಬ ಹೊಳಹು ಮಾವನಿಗೆ ಬಂದದ್ದು ಆಮೇಲೆ. ಮಿಷನ್ನನ್ನು ಅದು ಕೂತಿದ್ದ ಬೆಂಚಿನ ಸಮೇತ ಅಡುಗೆಮನೆಯ ಗೋಡೆಗೆ ಬೋಲ್ಟು ಬಿಗಿದರು. ಸ್ವಿಚ್ ಹಾಕಿದರು. ಲೋಟದ ಚಹಾ ಅಲುಗಲಿಲ್ಲ. ಗೋಡೆ ಅಲುಗಿತು. ಗೋಡೆಯ ಆಚೆ ಬದಿಯ ಹಲಗೆಯಿಂದ ಮಿಡಿ ಉಪ್ಪಿನಕಾಯಿಯ ಭರಣಿ ಕೆಳಗೆ ಬಿದ್ದು ಹೋಳಾಯಿತು. ಇಡೀ ವರ್ಷದ ಉಪ್ಪಿನಕಾಯಿ ನೆಲದ ಮೇಲೆ.

ಅತ್ತೆ ಜೋರಾಗಿ ಮಾತಾಡುವವರಲ್ಲ. ಅವತ್ತೂ ಮೆಲ್ಲಗೇ ಹೇಳಿದರು: "ಮನೇಲಿ ಅದಿರ್ಬೇಕು, ಇಲ್ಲಾ ನಾನಿರ್ಬೇಕು."

"ವಿಚಾರ ಮಾಡಿ ಹೇಳ್ತೆ" ಅಂದರು ಮಾವ.

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ಚೂರು ಹೆಕ್ಕಲು ಕುಳಿತರು. ಅಲ್ಲಿಗೆ ನನ್ನ ತಾಳ್ಮೆ ಮುಗಿಯಿತು. ಮಾವನ ಎದುರು ನಾನು ದನಿ ಎತ್ತಿದ್ದು ಅದೇ ಮೊದಲು.

"ಎಂತಕ್ಕೆ ಬೇಕಿತ್ತು ಮಾವಾ ನಿಮಗೆ ಇದು? ಒಂದು ಹೂವು ಕೊರೆದಿದ್ರಾ ಇಷ್ಟು ದಿನದಲ್ಲಿ? ಸ್ವಲ್ಪ ನಡುಗಿದ್ರೆ ನಡುಗ್ಲಿ. ಅದಕ್ಕಾಗಿ ಅತ್ತೆಯನ್ನ ಅಳಿಸ್ಬೇಕಾ? ನಿಮ್ಮ ಹಟಕ್ಕೆ ಒಂದು ಮಿತಿ ಬೇಡ್ವಾ?"

ಈಗ ಗುಡುಗುತ್ತಾರೆ ಅಂದುಕೊಂಡೆ. ಅವರು ಕೈಯಲ್ಲಿದ್ದ ಸ್ಪ್ಯಾನರನ್ನು ಬೆಂಚಿನ ಮೇಲಿಟ್ಟರು.

"ಸುಬ್ರಾಯನ ಕೈ ನಡುಗ್ತದೆ ತಂಗಿ. ಕೈ ನಡುಗಿ ಮಿಷನ್ನೂ ನಡುಗಿದ್ರೆ ಅಂವ ಹ್ಯಾಂಗೆ ಕೊರೀತ?"

ಸುಬ್ರಾಯಣ್ಣ ಕಂಡಕ್ಟರ್ ಕೆಲಸಕ್ಕೆ ರಜೆಯಿದ್ದ ದಿನಗಳಲ್ಲಿ, ನಿವೃತ್ತರಾದ ಮೇಲಂತೂ ದಿನವೂ, ಯಕ್ಷಗಾನದ ಭುಜಕೀರ್ತಿ ಮಾಡುತ್ತಿದ್ದರಂತೆ. ವೇಷಧಾರಿ ಹೆಗಲ ಮೇಲೆ ಕಟ್ಟಿಕೊಳ್ಳುವ, ಹಗುರ ಮರದ ಆಭರಣ. ಕೈಗರಗಸದಲ್ಲೇ ಅದರ ಬಳ್ಳಿ ಕೊರೆಯುತ್ತಿದ್ದರಂತೆ. ಹೋದ ಮಳೆಗಾಲದಿಂದ ಕೈ ನಡುಕ ಶುರುವಾಗಿ ಒಂದು ಗೆರೆಯೂ ನೆಟ್ಟಗೆ ಬರುತ್ತಿಲ್ಲ. ಇನ್ನು ಇದು ಆಗದು ಅಂತ ಗರಗಸವನ್ನು ಅಟ್ಟಕ್ಕೆ ಹಾಕಿದ್ದರು. ಇಷ್ಟನ್ನೂ ಮಾವ ಗೋಡೆ ನೋಡುತ್ತ ಹೇಳಿದರು; ಹೇಳಿ ಮುಗಿಸಿದವರೇ, "ಅಂವಗೆ ಹೇಳಿದ್ರೆ ನೋಡು ಮತ್ತೆ" ಅಂತ ನನ್ನನ್ನೇ ಗದರಿಸಿದರು.

ಅತ್ತೆ ಎಲ್ಲ ಕೇಳಿಸಿಕೊಂಡಿದ್ದರು. ಚೂರು ಹೆಕ್ಕಿ ಮುಗಿಸಿ ಎದ್ದು ಬಂದರು. "ಇದನ್ನ ಮೊದ್ಲೇ ಬಾಯ್ಬಿಟ್ಟು ಹೇಳೂಕೆ ಎಂತಾಗಿತ್ತು ನಿಮ್ಗೆ? ಹಿತ್ತಲ ಕೊಟ್ಟಿಗೆ ಖಾಲಿ ಬಿದ್ದದೆ. ಅಲ್ಲಿ ಹಾಕ್ಕಳಿ" ಅಂದರು. ಸಿಟ್ಟಿನಲ್ಲೇ ಅಂದರು. ಅವರ ಸಿಟ್ಟು ಇಳಿಯಲು ಇನ್ನೂ ಎರಡು ದಿನ ಹಿಡಿಯಿತು.

ಕೊಟ್ಟಿಗೆಯಲ್ಲಿ ಕೆಂಪು ಚಿರೆಕಲ್ಲಿನ ಕಟ್ಟೆ ಎದ್ದಿತು. ಮಿಷನ್ನಿನ ಬುಡಕ್ಕೆ ಹಳೆಯ ಟಯರಿನ ದಪ್ಪ ರಬ್ಬರು ಕೊಯ್ದು ಹಾಸಿದ್ದಾಯಿತು. ಕಲ್ಲು ತಂದವನಿಗೆ, ಸಿಮೆಂಟಿಗೆ, ರಬ್ಬರಿಗೆ, ಬೋಲ್ಟು ಹಿಡಿದುಕೊಂಡ ನನಗೆ, ಯಾರಿಗೂ ಕಡಿಮೆಯಾಗದಂತೆ ಬೈಗುಳ ಬಿತ್ತು. ಶನಿವಾರ ಮಧ್ಯಾಹ್ನ ತುಂಬಿದ ಲೋಟ ಇಟ್ಟು ಸ್ವಿಚ್ ಹಾಕಿದರು. ಚಹಾದ ಕೆನೆ ಕೂಡ ಅಲುಗಲಿಲ್ಲ. ಮಾವ ಲೋಟ ಎತ್ತಿಕೊಂಡು ಅದನ್ನು ಒಂದೇ ಉಸಿರಿಗೆ ಕುಡಿದುಬಿಟ್ಟರು.

ಅವತ್ತು ಸಂಜೆ ಸುಬ್ರಾಯಣ್ಣನನ್ನು ಕೊಟ್ಟಿಗೆಗೆ ಕರೆದೊಯ್ದರು. ಕರೆದೊಯ್ದರು ಅನ್ನುವುದಕ್ಕಿಂತ ದಬ್ಬಿಕೊಂಡು ಹೋದರು ಅನ್ನಬೇಕು.

"ಕೂತ್ಕ."

"ನಂಗೆಂತಕ್ಕೋ ಇದು?"

"ಕೂತ್ಕ ಅಂದೆ. ದಿನಾ ಬಂದು ನನ್ನ ಮಿಷನ್ನಿಗೆ ಕೊಂಕು ಹೇಳೂಕೆ ಬರ್ತದಲ್ಲ, ನೀನೇ ಒಂದು ಕೊರೆದು ತೋರ್ಸು."

ಸುಬ್ರಾಯಣ್ಣ ಸ್ಟೂಲಿನ ಮೇಲೆ ಕೂತರು. ಪೆನ್ಸಿಲಿನಲ್ಲಿ ಬಳ್ಳಿ ಬರೆದಿದ್ದ ಹಲಗೆಯನ್ನು ಮುಟ್ಟಿದರು. ಕೈ ಹಲಗೆಯ ಮೇಲೆ ಟಕಟಕ ಬಡಿಯತೊಡಗಿತು. ಅವರು ಕೈ ಹಿಂದೆಗೆದುಕೊಂಡು ಮಡಿಲಲ್ಲಿಟ್ಟುಕೊಂಡರು. "ಆಗೂದಿಲ್ವೋ. ನಿಂಗೂ ಗೊತ್ತದೆ" ಅಂದರು. ಅವರ ದನಿಯಲ್ಲಿ ತಮಾಷೆ ಇರಲಿಲ್ಲ.

ಮಾವ ಅವರ ಬೆನ್ನ ಹಿಂದೆ ಹೋಗಿ ನಿಂತರು. ಬಾಗಿ, ಮಡಿಲಿನಿಂದ ಎರಡೂ ಕೈ ಎತ್ತಿ ಹಲಗೆಯ ಮೇಲಿಟ್ಟು, ಸ್ಟಿಯರಿಂಗು ಹಿಡಿದು ದೊರಗಾಗಿದ್ದ ತಮ್ಮ ಕೈಗಳನ್ನು ಅವುಗಳ ಮೇಲೆ ಒತ್ತಿದರು. ನನಗೆ ಕಣ್ಣಲ್ಲೇ ಸ್ವಿಚ್ ತೋರಿಸಿದರು. ಒತ್ತಿದೆ.

"ದಾರಿ ನೀ ಹೇಳು. ಒತ್ತೂದು ನಾನು."

"ಎಡಕ್ಕೆ... ಸ್ವಲ್ಪ ಎಡಕ್ಕೆ... ಈಗ ನಿಲ್ಸು, ತಿರುಗ್ಸು..."

ನಾಲ್ಕು ಕೈಗಳ ಕೆಳಗೆ ಹಲಗೆ ಮೆಲ್ಲಗೆ ತಿರುಗುತ್ತ ಹೋಯಿತು. ಮರದ ಹುಡಿ ಹಾರಿ ಇಬ್ಬರ ಹುಬ್ಬಿನ ಮೇಲೂ ಕೂತಿತು. ನಡುವೆ ಅಲಗು ಪಟ್ಟನೆ ಮುರಿಯಿತು. ನಾನು ಮಾವನ ಮುಖ ನೋಡಿದೆ.

ಮಾವ ಯಾರಿಗೂ ಬೈಯಲಿಲ್ಲ. ಹಿಡಿದ ಕೈಯನ್ನೂ ಬಿಡಲಿಲ್ಲ.

"ಆತು ಬಿಡು. ತಂಗಿ, ಇನ್ನೊಂದು ಅಲಗು ಕೊಡು" ಅಂದರು.