ಮೂರನೇ ಮಹಡಿಯ ಸ್ವಿಚ್ ಉತ್ತರಿಸುತ್ತಿಲ್ಲ

ಎಲ್ಲದಕ್ಕೂ ಮೂಲ ಒಂದು ಸ್ಕ್ರೂ. ಮೂರನೇ ಮಹಡಿಯಲ್ಲಿ, ಕಂಪ್ಯೂಟರುಗಳಿಗೆಲ್ಲ ಇಂಟರ್‌ನೆಟ್ ಹಂಚುವ ಸ್ವಿಚ್ ಪೆಟ್ಟಿಗೆ ಇಟ್ಟ ಕೋಣೆಯ ಬಾಗಿಲ ಒಳಹಿಡಿಯಲ್ಲಿ ಅದು ಸಡಿಲವಾಗಿ ಮೂರು ತಿಂಗಳಾಗಿತ್ತು. ನಾಳೆ ಬಿಗಿ ಮಾಡಿದರಾಯಿತು ಎಂದು ನೆಟ್‌ವರ್ಕಿನವನು ದಿನಾ ಮುಂದೂಡುತ್ತಿದ್ದ.

ಆ ಕಚೇರಿಯಲ್ಲಿ ಅವನ ಹೆಸರು ಯಾರಿಗೂ ಬೇಕಾಗಿರಲಿಲ್ಲ. ಇಂಟರ್‌ನೆಟ್ ನಿಂತರೆ "ನೆಟ್‌ವರ್ಕಿನವನು ಎಲ್ಲಿ?" ಎನ್ನುತ್ತಿದ್ದರು, ಬಂದ ಕೂಡಲೇ ಮರೆಯುತ್ತಿದ್ದರು. ಊಟಕ್ಕೆ ಒಬ್ಬನೇ, ಮನೆಯಲ್ಲೂ ಒಬ್ಬನೇ. ಅವನ ಫೋನಿಗೆ ಬೀಗದ ಅಂಕಿ ಕೂಡ ಇರಲಿಲ್ಲ. ಕದ್ದು ನೋಡುವಂಥದ್ದು ಅದರಲ್ಲಿ ಏನಿತ್ತು, ಪಾಪ!

ಆದರೆ ಅಂದು ಅವನ ಮುಖದಲ್ಲಿ ಕಳೆ ಇತ್ತು. ಮೂರು ವರ್ಷದಿಂದ ಕಾಣದ ಅಕ್ಕ ಆ ಊರಿನ ಮೇಲೆ ಹಾದುಹೋಗುವವಳಿದ್ದಳು. ರೈಲು ನಾಲ್ಕೂವರೆಗೆ, ನಿಲುಗಡೆ ಹನ್ನೆರಡು ನಿಮಿಷ. ಆ ಹನ್ನೆರಡು ನಿಮಿಷಕ್ಕೆಂದೇ ಹೊಸ ಅಂಗಿ ತೊಟ್ಟು ಬಂದಿದ್ದ.

ಬೆಳಿಗ್ಗೆಯೇ ಮ್ಯಾನೇಜರ್ ಅಡ್ಡ ಬಂದರು. "ಸ್ವಿಚ್ಚು, ರೂಟರು ಎಲ್ಲಾ ಸೇರಿ ಮೂವತ್ತೆಂಟಕ್ಕೂ ಇವತ್ತೇ ಟೆಂಪ್ಲೇಟ್ ಹಾಕ್ಬಿಡಿ. ಯಾವುದು ಕೈಕೊಟ್ರೂ ಕೂಡ್ಲೇ ಗೊತ್ತಾಗ್ಬೇಕು. ಮುಗಿಸಿ ಎಲ್ಲಿಗೆ ಬೇಕಾದ್ರೂ ಹೋಗಿ."

ಟೆಂಪ್ಲೇಟ್ ಎಂದರೆ ಒಮ್ಮೆ ಬರೆದಿಟ್ಟ ಪ್ರಶ್ನೆಗಳ ಪಟ್ಟಿ. ಇದ್ದೀಯಾ? ಮೈ ಬಿಸಿಯಾಗಿದೆಯಾ? ಭಾರ ಹೆಚ್ಚಾಯಿತಾ? ಹೀಗೆ ಪ್ರತಿ ಯಂತ್ರವನ್ನೂ ಅದು ನಿಮಿಷಕ್ಕೊಮ್ಮೆ ವಿಚಾರಿಸುತ್ತದೆ. ಐದು ನಿಮಿಷ ಉತ್ತರ ಬರದಿದ್ದರೆ ನೆಟ್‌ವರ್ಕಿನವನ ಫೋನಿಗೆ ಸಂದೇಶ. ಅವನು ಹತ್ತು ನಿಮಿಷದೊಳಗೆ ಜವಾಬು ಕೊಡದಿದ್ದರೆ ಮ್ಯಾನೇಜರಿಗೆ. ಅವರೂ ಸುಮ್ಮನಿದ್ದರೆ ಇಡೀ ಕಚೇರಿಗೆ. ಜವಾಬನ್ನೂ ಅವನು ಸಿದ್ಧ ಮಾಡಿಟ್ಟ: "ಗಮನಿಸಿದ್ದೇನೆ. ಕ್ರಮ ಕೈಗೊಳ್ಳಲಾಗುತ್ತಿದೆ." ಫೋನಿಗೆ ಏನೇ ಸಂದೇಶ ಬರಲಿ, ಕೆಳಗೊಂದು ಹಸಿರು ಗುಂಡಿ ಮೂಡುತ್ತಿತ್ತು, ಒತ್ತಿದರೆ ಆ ಜವಾಬು ಹೋಗಿಬಿಡುತ್ತಿತ್ತು. ನಿಮಿಷಕ್ಕೊಮ್ಮೆ ಕ್ಷೇಮ ವಿಚಾರಿಸಿಕೊಳ್ಳುವ ಆ ಯಂತ್ರಗಳ ಮೇಲೆ ಅವನಿಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಮೂರು ಗಂಟೆಗೆ ಎಲ್ಲ ಮುಗಿಯಿತು. ಮೂರನೇ ಮಹಡಿಯ ಸ್ವಿಚ್ಚಿನ ಬೆನ್ನ ಮೇಲಿನ ನಂಬರೊಂದನ್ನು ಬರೆದುಕೊಳ್ಳುವುದು ಬಾಕಿ. ಚಾರ್ಜಿಗಿಟ್ಟ ಫೋನನ್ನು ತೋರಿಸಿ, ಪಕ್ಕದ ಮೇಜಿನ ಟಪಾಲು ಗುಮಾಸ್ತರಿಗೆ ಹೇಳಿದ: "ಎರಡೇ ನಿಮಿಷ, ಸ್ವಲ್ಪ ನೋಡ್ಕೋತಿರಿ."

"ನಾನಿಲ್ವಾ? ನೀವು ಹೋಗ್ಬನ್ನಿ," ಎಂದರು ಗುಮಾಸ್ತರು. ಉಪಕಾರ ಮಾಡದೆ ಅವರಿಗೆ ಉಂಡದ್ದು ಜೀರ್ಣವಾಗುತ್ತಿರಲಿಲ್ಲ.

ಕೋಣೆಯೊಳಗೆ ಹೋಗಿ ನಂಬರು ಬರೆದುಕೊಂಡ. ಅಷ್ಟರಲ್ಲಿ ಬಾಗಿಲು ತಾನಾಗಿ ಮುಚ್ಚಿಕೊಂಡಿತ್ತು. ಹಿಡಿ ಎಳೆದ. ಹಿಡಿ ಮಾತ್ರ ಕೈಗೆ ಬಂತು.

ಧಬಧಬ ಬಡಿದ, ಕೂಗಿದ. ಒಳಗೆ ಫ್ಯಾನುಗಳ ಮೊರೆತ, ಗಿರಣಿಯೊಳಗೆ ನಿಂತ ಹಾಗೆ; ಕೂಗು ಅದರಲ್ಲೇ ಮುಳುಗಿತು. ಕೊನೆಗೆ ಹೊರಗೆ ಯಾರೋ ನಿಂತರು. "ಒಳಗೆ ರಿಪೇರಿ ನಡೀತಿದೆ ಅನ್ಸುತ್ತೆ. ಏನ್ ಕುಟ್ತಿದಾರಪ್ಪಾ!" ಎನ್ನುತ್ತ ಹೊರಟೇ ಹೋದರು.

ಆಗ ಅವನಿಗೊಂದು ಉಪಾಯ ಹೊಳೆಯಿತು. ಸ್ವಿಚ್ಚಿನ ಮುಖ್ಯ ಕೇಬಲನ್ನೇ ಕಿತ್ತ. ಐದು ನಿಮಿಷಕ್ಕೆ ತನ್ನ ಫೋನಿಗೆ ಸಂದೇಶ, ಎತ್ತುವವರಿಲ್ಲ. ಇನ್ನು ಹತ್ತು ನಿಮಿಷಕ್ಕೆ ಮ್ಯಾನೇಜರೇ ಓಡಿ ಬರುತ್ತಾರೆ. ತನ್ನ ಕೈಯಾರೆ ಬರೆದ ನಿಯಮ, ತಪ್ಪುವುದುಂಟೆ? ಅಂಗಿ ಸರಿಮಾಡಿಕೊಂಡು ಬಾಗಿಲಿಗೆ ಮುಖಮಾಡಿ ನಿಂತ.

ಯಾರೂ ಬರಲಿಲ್ಲ. ಕೇಬಲು ಸಿಕ್ಕಿಸಿ ಮತ್ತೆ ಕಿತ್ತ. ಹೀಗೆ ನಾಲ್ಕು ಸಲ. ಕೈಗಡಿಯಾರದಲ್ಲಿ ನಾಲ್ಕೂವರೆಯಾಯಿತು. ನಾಲ್ಕು ನಲವತ್ತೆರಡೂ ಆಯಿತು. ಅವನು ನೆಲದ ಮೇಲೆ ಕುಸಿದು ಕೂತ. ತಾನಿಲ್ಲವೆಂದು ಈ ಲೋಕದಲ್ಲಿ ಒಬ್ಬರಿಗೂ ತಿಳಿಯಲಿಲ್ಲವಲ್ಲ ಎಂದು ಅಳು ಬಂತು. ಹೊಸ ಅಂಗಿಯ ತೋಳಿನಲ್ಲೇ ಕಣ್ಣೊರೆಸಿಕೊಂಡ.

ಐದೂಕಾಲಿಗೆ ಕಸ ಗುಡಿಸುವಾಕೆ ಬಾಗಿಲು ತೆರೆದಳು. "ಅಯ್ಯೋ, ಒಳಗೆ ಮನುಷ್ಯರಿದಾರೆ!"

ಅವನು ಕೆಳಗೆ ಓಡಿದ. ಮ್ಯಾನೇಜರ್ ಅವನ ಮೇಜಿನ ಬಳಿಯೇ ನಗುತ್ತ ನಿಂತಿದ್ದರು. "ಭೇಷ್! ನಾಲ್ಕು ಸಲ ಕೆಡ್ತು, ನಾಲ್ಕು ಸಲವೂ ಒಂದೇ ನಿಮಿಷದಲ್ಲಿ ನಿಮ್ಮ ಜವಾಬು! ಪಕ್ಕದ ಕಟ್ಟಡದ ಸ್ವಿಚ್ಚೂ ಇನ್ಮೇಲೆ ನಿಮಗೇ."

"ನಾನೆಲ್ಲಿ ಜವಾಬು ಕೊಟ್ಟೆ?"

ಗುಮಾಸ್ತರು ಸಂಕೋಚದಿಂದ ನಕ್ಕರು. "ನಾನೇ ಕೊಟ್ಟೆ ಮಾರಾಯ್ರೇ. ಕನ್ನಡಕ ಮನೇಲಿ ಬಿಟ್ಟು ಬಂದಿದ್ದೆ, ಓದೋಕಾಗ್ಲಿಲ್ಲ. ಟಿಣ್ ಅಂದಾಗೆಲ್ಲ ಹಸಿರು ಗುಂಡಿ ಒತ್ತಿದೆ. ಒಂದನ್ನೂ ಬಿಟ್ಟಿಲ್ಲ."

ಒಂದನ್ನೂ ಬಿಟ್ಟಿರಲಿಲ್ಲ. ಅವನು ಫೋನೆತ್ತಿ ಅಕ್ಕನ ಸಂದೇಶಗಳನ್ನು ತೆರೆದ.

"ತಮ್ಮಾ, ಬಂದೆ ಕಣೋ. ಐದನೇ ಬೋಗಿ, ಕಿಟಕಿ ಹತ್ರ ಇದೀನಿ."

"ಗಮನಿಸಿದ್ದೇನೆ. ಕ್ರಮ ಕೈಗೊಳ್ಳಲಾಗುತ್ತಿದೆ."

"ಇದೇನೋ ಹೀಗ್ ಬರೀತೀಯ? ಬೇಗ ಬಾರೋ, ಐದೇ ನಿಮಿಷ ಇದೆ."

"ಗಮನಿಸಿದ್ದೇನೆ. ಕ್ರಮ ಕೈಗೊಳ್ಳಲಾಗುತ್ತಿದೆ."

"ರೈಲು ಹೊರಟ್ತು. ನಿನ್ನ ಮುಖ ನೋಡ್ಬೇಕು ಅನ್ಸಿತ್ತು."

"ಗಮನಿಸಿದ್ದೇನೆ. ಕ್ರಮ ಕೈಗೊಳ್ಳಲಾಗುತ್ತಿದೆ."

ಅವನು ನಿಂತಲ್ಲೇ ಬರೆದ. ಸ್ಕ್ರೂ, ಹಿಡಿ, ಕೇಬಲು, ಗುಮಾಸ್ತರು, ಕನ್ನಡಕ, ಹೊಸ ಅಂಗಿ, ಏನನ್ನೂ ಬಿಡದೆ ಬರೆದ. ಅಕ್ಕಾ, ಕ್ಷಮಿಸು ಎಂದು ಎರಡು ಸಲ ಬರೆದು ಕಳಿಸಿದ. ಆಮೇಲೆ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಕಾದ. ಬಹಳ ಹೊತ್ತಿನ ಮೇಲೆ ಟಿಣ್ ಎಂದಿತು.

"ಗಮನಿಸಿದ್ದೇನೆ. ಕ್ರಮ ಕೈಗೊಳ್ಳಲಾಗುತ್ತಿದೆ."

ಅಕ್ಕನ ಫೋನಿನಲ್ಲಿ ಹಸಿರು ಗುಂಡಿ ಇರಲಿಲ್ಲ. ಒಂದೊಂದೇ ಅಕ್ಷರ ಹುಡುಕಿ ಒತ್ತಿ ಬರೆದಿದ್ದಳು.