ಚರ್ಮದ ಡಾಕ್ಟರು ಗೇರುಬೀಜ ಸುಟ್ಟದ್ದು

ಏಳು ತಿಂಗಳ ಬಸುರಿ ಅಮೂಲ್ಯಾ ಎರಡು ದಿನದಿಂದ ಸರಿಯಾಗಿ ಉಂಡಿರಲಿಲ್ಲ. ಶನಿವಾರ ಬೆಳಿಗ್ಗೆ ಕೊನೆಗೂ ಬಯಕೆ ಹೇಳಿದಳು.

"ಸುಟ್ಟ ಗೇರುಬೀಜ ತಿನ್ಬೇಕು. ಪ್ಯಾಕೆಟ್‌ದು ಬೇಡ. ಊರಲ್ಲಿ ದೊಡ್ಡಮ್ಮ ಸುಡ್ತಿದ್ರಲ್ಲ, ಆ ಪರಿಮಳದ್ದು."

"ಅಷ್ಟೇ ಅಲ್ವಾ ಮಾರಾಯ್ತಿ? ನಾನು ಉಡುಪಿಯವ!" ಎಂದ ಗಂಡ ಸ್ವರೂಪ್.

ಉಡುಪಿಯವನೇನೋ ಹೌದು. ಆದರೆ ಗೇರುಬೀಜ ತಿಂದದ್ದು ಬಿಟ್ಟರೆ ಒಂದನ್ನೂ ಒಡೆದವನಲ್ಲ. ಈಗ ಮಲೇಷ್ಯಾದ ಕ್ಲಾಂಗ್ ಹತ್ತಿರದ ಮೆಡಿಕಲ್ ಕಾಲೇಜೊಂದರಲ್ಲಿ ಚರ್ಮರೋಗದ ಲೆಕ್ಚರರ್. ಗೇರಿನ ಸೊನೆ ಕೈಯನ್ನು ಹೇಗೆ ಸುಡುತ್ತದೆಂದು ಹಿಂದಿನ ವಾರವಷ್ಟೇ ಚಿತ್ರಸಮೇತ ಪಾಠ ಮಾಡಿದ್ದ. ಪಾಠ ವಿದ್ಯಾರ್ಥಿಗಳಿಗೆ, ತನಗಲ್ಲ ಎಂದುಕೊಂಡಿದ್ದನೋ ಏನೋ.

ಪಕ್ಕದ ಮನೆಯ ಮಲಯ್ ಹೆಂಗಸು ರೋಹಾನಿಯವರ ಹಿತ್ತಿಲಲ್ಲಿ ಗೇರುಮರವಿತ್ತು. ಅವರು ಅದರ ಚಿಗುರನ್ನು ಅನ್ನದ ಜೊತೆ ತಿನ್ನುತ್ತಿದ್ದರು. ಬೀಜ ನೆಲದಲ್ಲೇ ಬಿದ್ದಿರುತ್ತಿತ್ತು.

"ಟೇಕ್ ಆಲ್ ಲಾ, ಡಾಕ್ಟರ್!" ಎಂದು ಬಕೆಟ್ಟನ್ನೂ ಕೊಟ್ಟರು.

ಸ್ವರೂಪ್ ಬಿಸ್ಕತ್ತಿನ ಡಬ್ಬಿಗೆ ತೂತು ಹೊಡೆದು, ಬೀಜ ಸುರಿದು, ತನ್ನ ಹಿತ್ತಿಲಲ್ಲಿ ಬೆಂಕಿ ಹಾಕಿದ. ಸೊನೆಗೆ ಬೆಂಕಿ ತಾಗಿದ್ದೇ ತಡ, ಬೀಜಗಳು ಪಟಾಕಿಯಂತೆ ಸಿಡಿದವು. ಕಪ್ಪು ಹೊಗೆ ನೇರ ಹೋಗಿ ರೋಹಾನಿಯವರು ಒಗೆದು ಹಾಕಿದ್ದ ಬಟ್ಟೆಗೆ ಬಡಿಯಿತು.

"ಐಯೋ, ಡಾಕ್ಟರ್ ವೀಟ್ಲ ನೆರುಪ್ಪು!" ಎಂದು ಎದುರು ಮನೆಯ ತಮಿಳು ಹೆಂಗಸು ತುಳಸಿ, ಡಾಕ್ಟರ ಮನೆಗೇ ಬೆಂಕಿ ಬಿತ್ತೆಂದು ಪೈಪು ಹಿಡಿದು ಓಡಿಬಂದರು. ಬೆಂಕಿಗಿಂತ ಹೆಚ್ಚು ನೀರು ಸ್ವರೂಪನ ಮೇಲೆ ಬಿತ್ತು.

ಅವನು ಒದ್ದೆ ಅಂಗಿಯಲ್ಲೇ ಬೀಜ ಒಡೆಯಲು ಕೂತ. ಐದನೆಯದಕ್ಕೆ ಬೆರಳು ಕಪ್ಪಾಯಿತು, ಎಂಟನೆಯದಕ್ಕೆ ಉರಿ ಶುರುವಾಯಿತು, ಹದಿನೈದರ ಹೊತ್ತಿಗೆ ಗುಳ್ಳೆ ಎದ್ದವು.

"ಕೈಗೆ ಮೊದಲೇ ತೆಂಗಿನೆಣ್ಣೆ ಹಚ್ಕೊಳ್ಳಲಿಲ್ವಾ?" ತುಳಸಿ ತಮ್ಮ ತಮಿಳಿನಲ್ಲಿ ಕೇಳಿದರು. "ನೀವು ಸ್ಕಿನ್ ಡಾಕ್ಟರ್ ತಾನೇ?"

ತುಳಸಿಯೇ ಎಣ್ಣೆ ತಂದರು. ರೋಹಾನಿಯವರು ಹೊಗೆ ಹಿಡಿದ ಬಟ್ಟೆಯ ಬಗ್ಗೆ ಒಂದು ಮಾತೂ ಆಡದೆ, ಮೆಣಸು ಕುಟ್ಟುವ ತಮ್ಮ ಕಲ್ಲನ್ನೇ ಹೊತ್ತು ತಂದು ಕೂತರು. ಮೂವರೂ ಕುಟ್ಟಿ ಕೆರೆದು, ಸಂಜೆಯ ಹೊತ್ತಿಗೆ ಇಪ್ಪತ್ತೆರಡು ಬೀಜ ಇಡಿಯಾಗಿ ಸಿಕ್ಕವು.

ಅಮೂಲ್ಯಾ ಒಂದನ್ನು ಬಾಯಿಗಿಟ್ಟು ಕಣ್ಣು ಮುಚ್ಚಿದಳು. "ಅದೇ ಪರಿಮಳ ಮಾರಾಯ್ರೆ!" ಹತ್ತು ಬೀಜ ತಿಂದಳು, ಆಮೇಲೆ ತಾನಾಗಿಯೇ ಕೇಳಿ ಗಂಜಿಯನ್ನೂ ಉಂಡಳು.

ಸ್ವರೂಪನ ಮನಸ್ಸು ತುಂಬಿ ಬಂತು. ಊರಿಂದ ಇಷ್ಟು ದೂರದಲ್ಲಿ, ತನ್ನ ಹೆಂಡತಿಯ ಬಯಕೆಗಾಗಿ ಇವರು ಕೈ ಕಪ್ಪು ಮಾಡಿಕೊಂಡರಲ್ಲ! ಅದೇ ಭರದಲ್ಲಿ ಪಾಯಸ ಮಾಡಿ, ಉಳಿದ ಬೀಜವನ್ನೆಲ್ಲ ಅದಕ್ಕೆ ಹಾಕಿ, ಎರಡೂ ಮನೆಗೆ ಕೊಟ್ಟು ಬಂದ. ತನಗೊಂದೂ ಉಳಿಯಲಿಲ್ಲ. ಬೇಸರವೂ ಆಗಲಿಲ್ಲ.

ಅರ್ಧ ಗಂಟೆಯಲ್ಲಿ ಕರೆಗಂಟೆ ಸದ್ದು ಮಾಡಿತು. ಬಾಗಿಲಲ್ಲಿ ರೋಹಾನಿ ಮತ್ತು ತುಳಸಿ. ನಡುವೆ ಒಂದು ತುಂಬಿದ ಅಕ್ಕಿಚೀಲ. ರೋಹಾನಿಯವರ ತಂಗಿ ಹಿಂದಿನ ಬೀದಿಯ ತನ್ನ ಮನೆಯಲ್ಲಿ ಎಸೆಯಲೆಂದು ಗುಡಿಸಿಟ್ಟಿದ್ದ ಗೇರುಬೀಜವಂತೆ.

"ಪಾಯಸ ಸೋ ನೈಸ್ ಲಾ! ಟುಮಾರೋ ಮೈ ಸಿಸ್ಟರ್ ಆಲ್ಸೋ ಕಮಿಂಗ್" ಎಂದು ರೋಹಾನಿಯವರು ಚೀಲವನ್ನು ಪ್ರೀತಿಯಿಂದ ಒಳಗೆ ತಳ್ಳಿದರು.

ಸ್ವರೂಪ್ ಹೆಂಡತಿಯ ಮುಖ ನೋಡಿದ.

"ನನ್ನ ಬಯಕೆ ತೀರಿತು ಮಾರಾಯ್ರೆ" ಎಂದಳು ಅಮೂಲ್ಯಾ ಮೆಲ್ಲಗೆ. "ಈಗ ಇವರಿಗೆ ಶುರುವಾಗಿದೆ. ಇಷ್ಟು ಉಪಕಾರ ಮಾಡಿದವರಿಗೆ ಬೇಡ ಅನ್ಲಿಕ್ಕೆ ಆಗ್ತದಾ?"

ಸ್ವರೂಪ್ ಊದಿದ ಎರಡೂ ಕೈ ಜೋಡಿಸಿ ಥ್ಯಾಂಕ್ಸ್ ಹೇಳಿದ. ಆಮೇಲೆ, ತೆಂಗಿನೆಣ್ಣೆ ಇನ್ನೂ ಎಷ್ಟು ಉಂಟು ಎಂದು ತುಳಸಿಯನ್ನು ಕೇಳಿದ.