ವೋಟಿಗೆ ವೋಟು ವಜಾ

ಎಲ್ಲ ರಗಳೆಗೂ ಮೂಲ ಬೇಲಿಯ ಮೇಲೆ ಕೊಟ್ಟ ಒಂದು ಕೈ. ಸೋಮವಾರ ಸಂಜೆ ಆರಿನ್ ಟ್ವೇಟ್ ಈ ಕಡೆಯಿಂದ ಕೈ ಚಾಚಿದ. ಪಕ್ಕದ ಮನೆಯ ವೆಂಡೆಲ್ ಆ ಕಡೆಯಿಂದ ಹಿಡಿದು ಕುಲುಕಿದ. ಈ ಸಲ ಇಬ್ಬರೂ ವೋಟು ಹಾಕುವುದಿಲ್ಲ ಎಂದು ಮಾತಾಯಿತು.

ಹಾಗೆ ಮಾತಾಡಿಕೊಳ್ಳಲು ಇಬ್ಬರಿಗೂ ತಲೆ ಕೆಟ್ಟಿರಲಿಲ್ಲ. ರಾಜ್ಯದ ಜನರೇ ನೇರವಾಗಿ ತೀರ್ಮಾನಿಸಬೇಕಾದ ಏಳು ಪ್ರಸ್ತಾವಗಳು ಮತಪತ್ರದಲ್ಲಿದ್ದವು. ಏಳರಲ್ಲೂ ಒಬ್ಬ ಹೌದು ಎಂದರೆ ಇನ್ನೊಬ್ಬ ಬೇಡ ಎನ್ನುತ್ತಿದ್ದ. ನಾಲ್ಕನೆಯದರ ವಿಷಯದಲ್ಲಂತೂ ಎರಡು ವಾರದಿಂದ ಬೇಲಿಗೆ ನೆಮ್ಮದಿ ಇರಲಿಲ್ಲ. ಕೊನೆಗೆ ವೆಂಡೆಲ್ಲೇ ಹೇಳಿದ, "ನೋಡು ಮಾರಾಯ, ನಿನ್ನ ವೋಟು ನನ್ನದನ್ನ ತಿನ್ನುತ್ತೆ, ನನ್ನದು ನಿನ್ನದನ್ನ ತಿನ್ನುತ್ತೆ. ಸುಮ್ನೆ ಯಾಕೆ ಇಬ್ರೂ ಕೋರ್ಟಿನ ಮುಂದಿನ ಮತಡಬ್ಬಿ ತನಕ ಓಡಾಡೋದು? ನಾಳೆ ಮಧ್ಯಾಹ್ನದಿಂದ ನಿನ್ನ ಅಂಗಡೀಲಿ ಕೂತು ಇಸ್ಪೀಟು ಆಡೋಣ. ಎಂಟು ಗಂಟೆಗೆ ಡಬ್ಬಿ ಮುಚ್ಚಲಿ, ಆಮೇಲೆ ಏಳೋಣ."

ಆ ನಾಲ್ಕನೆಯ ಪ್ರಸ್ತಾವ, ನವೆಂಬರಿನ ಕಣಕ್ಕೆ ಪ್ರತಿ ಪಕ್ಷವೂ ತನ್ನ ಅಭ್ಯರ್ಥಿಯನ್ನು ಆರಿಸುವ ಮೇ ತಿಂಗಳ ಪ್ರಾಥಮಿಕ ಚುನಾವಣೆಯದು. ಆರಿನ್ ಯಾವ ಪಕ್ಷಕ್ಕೂ ಸೇರಿದವನಲ್ಲ. ಆದ್ದರಿಂದ ಮೂವತ್ತು ವರ್ಷಗಳಿಂದ ಪ್ರತಿ ಮೇ ತಿಂಗಳಲ್ಲೂ ಅಂಚೆಯಲ್ಲಿ ಅವನಿಗೆ ಬರುವುದು ಪಕ್ಷದ ಅಭ್ಯರ್ಥಿಗಳೇ ಇಲ್ಲದ ಅರ್ಧ ಹಾಳೆ: ಒಬ್ಬ ನ್ಯಾಯಾಧೀಶ, ನೀರಾವರಿ ಮಂಡಳಿಯ ಒಬ್ಬ ಸದಸ್ಯ, ಮುಗಿಯಿತು. ಯಾರು ಆಳಬೇಕೆಂಬುದನ್ನು ದೊಡ್ಡ ಪಕ್ಷದವರು ತಮ್ಮೊಳಗೇ ಮೇನಲ್ಲಿ ತೀರ್ಮಾನಿಸಿಬಿಡುತ್ತಿದ್ದರು. ಪ್ರಸ್ತಾವ ಗೆದ್ದರೆ ಎಲ್ಲ ಅಭ್ಯರ್ಥಿಗಳೂ ಒಂದೇ ಹಾಳೆಯಲ್ಲಿ, ಆ ಹಾಳೆ ಎಲ್ಲರಿಗೂ. ಹೆಚ್ಚು ವೋಟು ಬಂದ ಇಬ್ಬರು ಮಾತ್ರ ನವೆಂಬರಿನ ಕಣಕ್ಕೆ. ಸಾಯುವುದರೊಳಗೆ ಒಮ್ಮೆ ಪೂರ್ತಿ ಹಾಳೆ ಕೈಯಲ್ಲಿ ಹಿಡಿಯಬೇಕೆಂದು ಆರಿನ್‌ಗೆ ಆಸೆ. ಹುಲ್ಲು ಕತ್ತರಿಸುವ ಯಂತ್ರ ರಿಪೇರಿ ಮಾಡಿಕೊಂಡು ಬದುಕುವ ಅವನಿಗೆ ಇದಕ್ಕಿಂತ ದೊಡ್ಡ ಆಸೆಯೇನೂ ಇರಲಿಲ್ಲ.

ಮಂಗಳವಾರ ಮಧ್ಯಾಹ್ನ ಎಲೆ ಹಂಚಿ ಕೂತಿದ್ದಾರೆ, ವೆಲ್ಡಾ ಟೀಚರ್ ಬಾಗಿಲಲ್ಲಿ ಪ್ರತ್ಯಕ್ಷ. ಇಬ್ಬರಿಗೂ ಮೂರನೇ ಕ್ಲಾಸಿನಲ್ಲಿ ಪಾಠ ಹೇಳಿದ್ದ ಈಕೆಗೆ ಈಗ ಎಂಬತ್ತೆರಡು. ಅಂಚೆಯಲ್ಲಿ ಬಂದ ಮತಪತ್ರ ತುಂಬಿ ಹಾಕಬೇಕಾದ ಲಕೋಟೆ ಯಾರದು ಇನ್ನೂ ಚುನಾವಣಾ ಕಚೇರಿಗೆ ತಲುಪಿಲ್ಲ ಎಂಬ ಪಟ್ಟಿ ಹಿಡಿದು ಮನೆಮನೆ ತಿರುಗುವುದು ಆಕೆಯ ವ್ರತ.

"ನಮ್ಮ ಬೀದೀಲಿ ಎರಡೇ ಹೆಸರು ಬಾಕಿ. ಎರಡೂ ಇಲ್ಲೇ ಕೂತಿವೆ," ಎಂದರು ಟೀಚರ್.

"ಹಾಕ್ತೀವಿ ಟೀಚರ್," ಎಂದ ಆರಿನ್.

"ಹೋಂವರ್ಕ್ ಕೇಳಿದಾಗಲೂ ಹೀಗೇ ಅಂತಿದ್ದೆ. ಕೊಡು ಇಲ್ಲಿ, ನಾನೇ ಒಯ್ದು ಹಾಕ್ತೀನಿ."

"ಇನ್ನೂ ತುಂಬಿಲ್ಲ ಟೀಚರ್."

"ಎರಡು ವಾರದಿಂದ ಏನು ಮಾಡ್ತಿದ್ದೆ?"

"ಓದ್ತಿದ್ದೆ." ಅದು ನಿಜವೇ ಆಗಿತ್ತು. ಪ್ರಸ್ತಾವಗಳ ಬಗ್ಗೆ ಸರ್ಕಾರ ಕಳಿಸುವ ದಪ್ಪ ಕೈಪಿಡಿಯನ್ನು ಪರ, ವಿರೋಧ ಎಲ್ಲ ವಾದಗಳ ಸಮೇತ ಓದಿದವನು ಊರಿನಲ್ಲಿ ಅವನೊಬ್ಬನೇ.

"ಐದು ಗಂಟೆಗೆ ಪಟ್ಟಿ ಮತ್ತೆ ನೋಡ್ತೀನಿ," ಎಂದು ಹೇಳಿ ಟೀಚರ್ ಹೊರಟರು. ವೆಂಡೆಲ್ ಎಲೆಗಳ ಹಿಂದೆ ಮುಖ ಮುಚ್ಚಿಕೊಂಡಿದ್ದ.

ಅಲ್ಲಿಂದ ಆರಿನ್‌ಗೆ ಆಟದಲ್ಲಿ ಮನಸ್ಸು ನಿಲ್ಲಲಿಲ್ಲ. ಮೂವತ್ತು ವರ್ಷ ಕಾದು, ಬಾಗಿಲು ತೆರೆಯುವ ದಿನ ಇಸ್ಪೀಟು ಆಡಿಕೊಂಡು ಕೂರುವುದೇ? ಸ್ನೇಹಿತನಿಗೆ ಕೊಟ್ಟ ಮಾತು ಎಂದು ಒಂದು ಮನಸ್ಸು ಬೈಯಿತು. ಒಂದೇ ಒಂದು ವೋಟು, ಯಾರಿಗೆ ಗೊತ್ತಾಗುತ್ತೆ ಎಂದು ಇನ್ನೊಂದು ಸಮಾಧಾನ ಹೇಳಿತು. ಆರೂವರೆಗೆ ಅವನು ಎದ್ದ.

"ಸ್ಪಾರ್ಕ್ ಪ್ಲಗ್ ತರಬೇಕಿತ್ತು ಕಣೋ. ಈಗ ಬಂದೆ."

"ಹೋಗಿ ಬಾ, ಅವಸರ ಏನಿಲ್ಲ," ಎಂದ ವೆಂಡೆಲ್. ಅಷ್ಟು ಸುಲಭವಾಗಿ ಬಿಟ್ಟುಕೊಟ್ಟನಲ್ಲ ಎಂದು ಆರಿನ್‌ಗೆ ಇನ್ನಷ್ಟು ನಾಚಿಕೆಯಾಯಿತು.

ಲಕೋಟೆ ಅಂಗಿಯೊಳಗೆ ತುರುಕಿಕೊಂಡು ಪಿಕಪ್ ಓಡಿಸಿ ಗ್ರಂಥಾಲಯದ ಮುಂದಿನ ಮತಡಬ್ಬಿಯ ಹತ್ತಿರ ನಿಲ್ಲಿಸಿದ. ಡಬ್ಬಿಗೆ ಒರಗಿ, ಬಾಯಲ್ಲಿ ಪೆನ್ನು ಕಚ್ಚಿಕೊಂಡು ಬೇಕರಿಯ ಜೋಲೀನ್ ನಿಂತಿದ್ದಳು.

"ದೇವರು ಬಂದ ಹಾಗೆ ಬಂದೆ ನೋಡು. ಈ ನಾಲ್ಕನೇದು ಏನೂಂತ ಹೇಳಿ ಹೋಗು. ಆದ್ರೆ ನಿನ್ನ ಕಡೆಯದ್ದು ಮಾತ್ರ ಹೇಳಬೇಡ, ಎರಡೂ ಕಡೆ ಹೇಳು."

ಆರಿನ್ ತನ್ನ ಅರ್ಧ ಹಾಳೆಯ ಕತೆ ಹೇಳಿದ. ಆಮೇಲೆ, ನ್ಯಾಯ ಅಂದಮೇಲೆ ನ್ಯಾಯ ತಾನೇ, ವೆಂಡೆಲ್‌ನ ವಾದವನ್ನೂ ಹೇಳತೊಡಗಿದ. ವೆಂಡೆಲ್‌ನದು ಈ ಕೌಂಟಿಯಲ್ಲಿ ನಲವತ್ತು ವರ್ಷದಿಂದ ಸೋಲುತ್ತಿರುವ ಪಕ್ಷ. ಇಬ್ಬರೇ ನವೆಂಬರಿಗೆ ಹೋಗುವುದಾದರೆ ಇಬ್ಬರೂ ದೊಡ್ಡ ಪಕ್ಷದವರೇ ಆಗಬಹುದು. "ಸೋಲೋದು ನಮಗೆ ಅಭ್ಯಾಸ. ಆದ್ರೆ ಸೋಲೋಕಾದ್ರೂ ನಮ್ಮವನೊಬ್ಬ ಬೇಡ್ವಾ?" ಎಂದು ವೆಂಡೆಲ್ ಬೇಲಿಯ ಮೇಲೆ ಕೇಳಿದ್ದ. ಆಗ ಆರಿನ್ ನಕ್ಕಿದ್ದ. ಈಗ ತನ್ನದೇ ಬಾಯಿಂದ ಆ ಮಾತು ಬಂದಾಗ ನಗು ಬರಲಿಲ್ಲ. ನವೆಂಬರಿನಲ್ಲಿ ಹಾಳೆ ಬಿಡಿಸಿ, ತನ್ನವರ ಒಂದು ಹೆಸರೂ ಇಲ್ಲದೆ ಪಿಳಿಪಿಳಿ ನೋಡುವ ವೆಂಡೆಲ್ ಕಣ್ಣ ಮುಂದೆ ಬಂದ. ತನಗೆ ಮೇನಲ್ಲಿ ಆಗುತ್ತಿದ್ದ ಸಂಕಟವೇ ಅದು, ತಿಂಗಳು ಮಾತ್ರ ಬೇರೆ.

"ಹಾಗಾದ್ರೆ ನೀನು ಏನು ಹಾಕ್ತೀಯ?" ಎಂದಳು ಜೋಲೀನ್.

ಆರಿನ್ ಪಿಕಪ್ ಹತ್ತಿದ. ಸ್ಟೀರಿಂಗಿನ ಮೇಲೆ ಮತಪತ್ರ ಹರಡಿ ಪೆನ್ನು ಒತ್ತಿದ್ದೇ ತಡ, ಹಾರ್ನ್ ಊರೇ ಕೇಳುವಂತೆ ಕೂಗಿತು. ಗ್ರಂಥಾಲಯದೊಳಗೆ ಓದುತ್ತಿದ್ದವರು ಕಿಟಕಿಗೆ ಬಂದರು. ಇನ್ನೊಂದು ಗೆರೆ, ಇನ್ನೊಂದು ಕೂಗು. ರಸ್ತೆಯಾಚೆಯಿಂದ ವೆಲ್ಡಾ ಟೀಚರ್ ಪಟ್ಟಿ ಬೀಸುತ್ತಾ ಬಂದರು.

"ಗುಟ್ಟಿನ ಮತದಾನಕ್ಕೆ ಹೀಗೂ ಡಂಗುರ ಹೊಡೀತಾರಾ? ಪಕ್ಕಕ್ಕೆ ಸರಿ, ಹೊಟ್ಟೆ ಹಾರ್ನಿಗೆ ತಾಗ್ತಿದೆ."

ಪಕ್ಕದ ಸೀಟಿಗೆ ಸರಿದು, ಮಂಡಿಯ ಮೇಲೆ ಹಾಳೆ ಇಟ್ಟುಕೊಂಡು, ನಾಲ್ಕನೆಯದಕ್ಕೆ ಬಂದಾಗ ಆರಿನ್ ಒಂದು ನಿಮಿಷ ಕಣ್ಣು ಮುಚ್ಚಿದ. ಆಮೇಲೆ 'ಬೇಡ' ಎಂಬಲ್ಲಿ ತುಂಬಿದ. ಅಷ್ಟರಲ್ಲಿ ಕಿಟಕಿಯ ಹತ್ತಿರ ಸುಮಾರು ಜನ ಸೇರಿದ್ದರು. ಇಷ್ಟು ಸಾಕ್ಷಿಗಳ ಎದುರು ಡಬ್ಬಿಗೆ ಹಾಕಿದರೆ ಸುದ್ದಿ ತನಗಿಂತ ಮೊದಲೇ ವೆಂಡೆಲ್‌ಗೆ ಮುಟ್ಟುತ್ತದೆ. ಲಕೋಟೆಗೆ ಸಹಿ ಮಾಡಿ, ಊರ ಆ ತುದಿಯಲ್ಲಿರುವ ಕೋರ್ಟಿನ ಡಬ್ಬಿಯ ಕಡೆಗೆ ಗಾಡಿ ಬಿಟ್ಟ. ದಾರಿಯಲ್ಲಿ ರೈಲು ಅಡ್ಡ ಬಂತು. ನೂರಾ ಹತ್ತು ಡಬ್ಬಿಯ ಗೂಡ್ಸು, ಅದಕ್ಕೂ ಇವತ್ತೇ ನಿಧಾನ.

ಕೋರ್ಟು ಮುಟ್ಟಿದಾಗ ಎಂಟಕ್ಕೆ ಆರು ನಿಮಿಷ. ಡಬ್ಬಿಯ ಮುಂದೆ ಟೊಪ್ಪಿಗೆಯನ್ನು ಮೂಗಿನವರೆಗೆ ಎಳೆದುಕೊಂಡು ಒಬ್ಬ ನಿಂತಿದ್ದ. ಮುಖ ಮುಚ್ಚಿದರೂ ಆ ಡೊಂಕು ಕಾಲು ಆರಿನ್‌ಗೆ ಗೊತ್ತಿಲ್ಲದ್ದೇನಲ್ಲ.

"ವೆಂಡೆಲ್."

ವೆಂಡೆಲ್ ಕೈಯಲ್ಲಿದ್ದ ಲಕೋಟೆಯನ್ನು ಬೆನ್ನ ಹಿಂದೆ ಅಡಗಿಸಿದ. "ಸ್ಪಾರ್ಕ್ ಪ್ಲಗ್ ಸಿಕ್ತಾ?"

"ನೀನು ಅಂಗಡೀಲಿ ಇರಬೇಕಿತ್ತಲ್ವೋ?"

"ನಡೆದೇ ಬಂದೆ. ಗಾಡಿ ತೆಗೆದ್ರೆ ಟೀಚರ್ ನೋಡಿ ನಿನಗೆ ಹೇಳಿಬಿಡ್ತಾರೆ."

ವೆಂಡೆಲ್ ಲಕೋಟೆಯನ್ನು ಬೆನ್ನ ಹಿಂದಿನಿಂದ ಮುಂದಕ್ಕೆ ತಂದ. ಆಮೇಲೆ ಹೇಳಿದ, "ಬೈಯಬೇಡ. ಮಾತು ಮುರಿದದ್ದು ನಿನಗೋಸ್ಕರವೇ. ಮೇನಲ್ಲಿ ಆ ಅರ್ಧ ಹಾಳೆ ಹಿಡ್ಕೊಂಡು ನೀನು ಬೇಲಿ ಹತ್ರ ನಿಲ್ತೀಯಲ್ಲ, ಆ ಮುಖ ನೆನಪಾಯ್ತು. ನಾನು 'ಹೌದು' ಹಾಕಿದ್ದೀನಿ."

ಆರಿನ್ ಡಬ್ಬಿಗೆ ಒರಗಿ ಕೂತೇಬಿಟ್ಟ.

"ಯಾಕೋ, ಏನಾಯ್ತೋ?"

"ನಾನು ನಿನಗೋಸ್ಕರ 'ಬೇಡ' ಹಾಕಿದ್ದೀನಿ ಕಣೋ."

ಕಚೇರಿಯ ಹೆಂಗಸು ಬೀಗದ ಕೈ ಹಿಡಿದು ಹೊರಗೆ ಬಂದಳು. "ಹಾಕೋರು ಹಾಕಿ, ಮುಚ್ಚೋ ಹೊತ್ತಾಯ್ತು." ಇಬ್ಬರೂ ಲಕೋಟೆ ಹಾಕಿದರು. ವೋಟಿಗೆ ವೋಟು ವಜಾ ಆಯಿತು, ಮಾತಾಡಿಕೊಂಡಿದ್ದ ಹಾಗೆಯೇ.

ವಾಪಸು ಬರುವಾಗ ವೆಂಡೆಲ್‌ನ ಬಾಯಿ ನಿಲ್ಲಲಿಲ್ಲ. ಹೊಸದಾಗಿ ಒಪ್ಪಿದವನ ಹುರುಪು. "ನೀನೇ ಯೋಚನೆ ಮಾಡು. ನಮ್ಮ ಪಕ್ಷ ಹೇಗಿದ್ರೂ ಸೋಲುತ್ತೆ. ಆದ್ರೆ ಎಲ್ರಿಗೂ ಒಂದೇ ಹಾಳೆ ಬಂದ್ರೆ, ದೊಡ್ಡ ಪಕ್ಷದವನೂ ನಮ್ಮ ಬಾಗಿಲಿಗೆ ಬಂದು ವೋಟು ಕೇಳಬೇಕಾಗುತ್ತೆ. ನಲವತ್ತು ವರ್ಷದಲ್ಲಿ ನಮ್ಮ ಬೀದಿಗೆ ಒಬ್ಬನಾದ್ರೂ ಬಂದಿದ್ದಾನಾ? ಇನ್ಮೇಲೆ ನಿನ್ನನ್ನೂ ಕೇಳಬೇಕು, ನನ್ನನ್ನೂ ಕೇಳಬೇಕು. ಸೋಲೋಕೆ ಒಬ್ಬನನ್ನ ನಿಲ್ಲಿಸೋದಕ್ಕಿಂತ ಅದು ವಾಸಿ ಅಲ್ವಾ?"

ರೈಲುಗೇಟಿನ ಹತ್ತಿರ ಆರಿನ್ ಬ್ರೇಕು ಹಾಕಿದ. ರೈಲೇನೂ ಇರಲಿಲ್ಲ.

"ಏನಾಯ್ತು?"

"ನೀನು ಹೇಳೋದು ಸರಿ ಕಣೋ," ಎಂದ ಆರಿನ್ ಸಣ್ಣ ದನಿಯಲ್ಲಿ. "'ಹೌದು' ಅಂತಲೇ ಹಾಕಬೇಕಿತ್ತು."

ಗಡಿಯಾರದಲ್ಲಿ ಎಂಟೂಕಾಲು. ಪಿಕಪ್ಪಿನಲ್ಲಿ ಈಗ ಪ್ರಸ್ತಾವದ ಪರ ಇಬ್ಬರು ಕೂತಿದ್ದರು. ಡಬ್ಬಿಯೊಳಗೆ ಪರವಾಗಿದ್ದದ್ದು ಒಬ್ಬನದೇ.

ವೆಂಡೆಲ್ ಟೊಪ್ಪಿಗೆ ತೆಗೆದು ಅವನನ್ನೇ ನೋಡಿದ. "ಅಲ್ಲ ಮಾರಾಯ, ಇದೆಲ್ಲ ನೀನೇ ಅಲ್ವಾ ಎರಡು ವಾರದಿಂದ ಬೇಲಿ ಮೇಲೆ ನನಗೆ ಹೇಳಿದ್ದು?"

"ಹೌದು," ಎಂದ ಆರಿನ್. "ಆದ್ರೆ ನಾನು ಹೇಳುವಾಗ ಇಷ್ಟು ಚೆನ್ನಾಗಿ ಕೇಳಿಸಿರಲಿಲ್ಲ."